ಗೋಡೆಗೆ ಒರಗಿದವರು

ನನ್ನ ಕೈಚೀಲದ ಪಕ್ಕದ ಜೇಬಿನಲ್ಲಿ ಒಂದು ಒಣ ಮೆಣಸಿನಕಾಯಿ ಇದೆ. ಪೆನ್ನು ಹುಡುಕಲು ಕೈ ಹಾಕಿದಾಗಲೆಲ್ಲ ಬೆರಳಿಗೆ ಗರಗರ ಎಂದು ತಾಗುತ್ತದೆ. ಒಳಗಿನ ಬೀಜಗಳು ಗಿಲಕಿಯ ಹಾಗೆ ಸಣ್ಣಗೆ ಸದ್ದು ಮಾಡುತ್ತವೆ. ಮೊನ್ನೆ ಸ್ಟಾಫ್ ರೂಮಿನಲ್ಲಿ ಬಸ್ ಪಾಸು ತೆಗೆಯುವಾಗ ಅದು ಟೇಬಲ್ಲಿನ ಮೇಲೆ ಬಿತ್ತು. ಸಹೋದ್ಯೋಗಿಯೊಬ್ಬರು ಮೊದಲು ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಏನ್ರೀ ಮೇಡಂ, ಅಡಗಿ ಮನಿ ಸಂಗಾಟನ ತಂದೀರೇನು?" ಎಂದರು. ನಾನು ನಕ್ಕು ಅದನ್ನು ಮತ್ತೆ ಜೇಬಿಗೆ ಸೇರಿಸಿದೆ. ಹಾವೇರಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು ನೆದರು ತೆಗೆಯಲು ತಂದ ಮೆಣಸಿನಕಾಯಿಯನ್ನು ಚೀಲದಲ್ಲಿಟ್ಟುಕೊಂಡು ಓಡಾಡುತ್ತಾಳೆ ಎಂಬ ಸುದ್ದಿ ಪ್ರಯೋಗಾಲಯದವರೆಗೆ ಹೋಗುವುದು ನನಗೆ ಬೇಡ. ನಿಮಗೆ ಹೇಳಬಹುದು. ನೀವು ನನ್ನ ಕಾಲೇಜಿನವರಲ್ಲ.

ನೆದರು ಎಂದರೆ ದೃಷ್ಟಿ. ರಾಣೆಬೆನ್ನೂರಿನ ನಮ್ಮ ಮನೆಯಲ್ಲಿ ಅದನ್ನು ತೆಗೆಯುವ ಅಧಿಕಾರ ಆಯಿಯದು, ಅಂದರೆ ಅಪ್ಪನ ತಾಯಿಯದು. ಮುಷ್ಟಿಯಲ್ಲಿ ಒಣ ಮೆಣಸಿನಕಾಯಿ, ಹರಳುಪ್ಪು, ಕಸಬರಿಗೆಯ ಒಂದೆರಡು ಕಡ್ಡಿ. ತಲೆಯಿಂದ ಪಾದದವರೆಗೆ ಇಳಿಸಿ ಒಲೆಯ ಕೆಂಡಕ್ಕೆ ಎಸೆಯುತ್ತಿದ್ದಳು. ಆಮೇಲೆ ಮನೆಮಂದಿಯೆಲ್ಲ ಮೂಗು ಎತ್ತಿಕೊಂಡು ಕಾಯಬೇಕು. ಘಾಟು ಎದ್ದು ಕೆಮ್ಮು ಬಂತೋ, ಏನೂ ಆಗಿಲ್ಲ ಎಂದರ್ಥ. ಘಾಟು ಬರದಿದ್ದರೆ ನೆದರು ಜೋರಾಗಿಯೇ ತಗುಲಿದೆ, ಮೆಣಸಿನಕಾಯಿಯ ಖಾರವನ್ನೂ ಅದೇ ತಿಂದುಹಾಕಿದೆ. ಬೇರೆಯವರ ಮನೆಯಲ್ಲಿ ಮಕ್ಕಳು ಕೆಮ್ಮಿದರೆ ತಾಯಂದಿರಿಗೆ ಗಾಬರಿ. ನಮ್ಮಲ್ಲಿ ಕೆಮ್ಮದಿದ್ದರೆ ಗಾಬರಿ.

ಒಂದು ವರ್ಷ ಅಪ್ಪ ಬ್ಯಾಡಗಿಯ ಪೇಟೆಯಿಂದ ಕಡುಗೆಂಪು ಮೆಣಸಿನಕಾಯಿ ಒಂದು ಚೀಲ ತಂದರು. ಮೈತುಂಬ ಸುಕ್ಕು, ಒಳ್ಳೆಯ ಪರಿಮಳ. ಬ್ಯಾಡಗಿಯ ಕಾಯಿ ಹೆಸರು ಮಾಡಿರುವುದು ಬಣ್ಣಕ್ಕೆ. ಖಾರ ಅದಕ್ಕೆ ಅಷ್ಟಕ್ಕಷ್ಟೇ. ಅದು ಮನೆಗೆ ಬಂದ ದಿನದಿಂದ ನಮಗೆಲ್ಲರಿಗೂ ನೆದರು ಶುರುವಾಯಿತು. ನನಗೆ ಆಯಿತು, ಅಣ್ಣನಿಗೆ ಆಯಿತು, ಎಮ್ಮೆಗೆ ಆಯಿತು, ಹೊಸದಾಗಿ ತಂದ ಮಿಕ್ಸರಿಗೂ ಆಯಿತು. ಏನನ್ನು ಸುಟ್ಟರೂ ಘಾಟಿಲ್ಲ. ಪಕ್ಕದ ಮನೆಯಾಕೆ ನನ್ನ ಹೊಸ ಫ್ರಾಕನ್ನು ಮುಟ್ಟಿ ನೋಡಿದ್ದಳೆಂದು ಆಯಿ ಆಕೆಗೆ ಮಜ್ಜಿಗೆ ಕೊಡುವುದನ್ನು ನಿಲ್ಲಿಸಿದಳು.

"ಆಯಿ, ಈ ಮೆಣಸಿನಕಾಯಿಗೆ ಖಾರನ ಇಲ್ಲ," ಎಂದೆ ನಾನು.

"ಇತ್ತವ್ವಾ. ನಿನ್ನ ಮೈಮ್ಯಾಲಿಂದು ತಿಂದು ತೇಗೇತಿ."

"ಮತ್ತ ಸಾರಿಗೂ ಖಾರ ಆಗಿಲ್ಲಲ್ಲ?"

"ಸಾರಿಗೂ ಬಿದ್ದೈತಿ ನೆದರ. ಆಕಿ ಬಂದು ಗಡಿಗ್ಯಾಗ ಇಣುಕಿದ್ಲೋ ಇಲ್ಲೋ?"

ಆ ಉತ್ತರದಲ್ಲಿ ಬೆರಳು ತೂರಿಸಲು ಒಂದು ಸಂದೂ ಇರಲಿಲ್ಲ. ಮುಂದೆ ನಾನು ವಿಜ್ಞಾನ ಓದಿದ್ದು ಆಯಿಗೆ ಒಂದು ದಿನ ಸರಿಯಾದ ಮರುಪ್ರಶ್ನೆ ಹಾಕುವುದಕ್ಕೇ ಇರಬೇಕು ಎಂದು ಕೆಲವೊಮ್ಮೆ ಅನ್ನಿಸುತ್ತದೆ. ಅಷ್ಟರಲ್ಲಿ ಆಯಿ ಹೋಗಿಬಿಟ್ಟಳು.

ಕೆಲಸಕ್ಕೆ ಸೇರಿದ ಮೇಲೆ ಹಾವೇರಿಯಲ್ಲಿ ಬಾಡಿಗೆ ಮನೆಗಳಲ್ಲಿದ್ದೆ. ನಾನು ಒಳ್ಳೆಯ ಬಾಡಿಗೆದಾರಳು. ಮೊಳೆ ಹೊಡೆಯಬಾರದು ಎಂದವರ ಮನೆಯಲ್ಲಿ ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ಕಟ್ಟಿದೆ. ಒಗ್ಗರಣೆಯ ಕಲೆ ಹಿಡಿಯಬಾರದೆಂದು ಒಲೆಯ ಹಿಂದೆ ಹಳೆಯ ಪತ್ರಿಕೆ ಅಂಟಿಸಿದೆ. ಹಾಡು ಹಾಕುವುದಿಲ್ಲ, ಬಾಗಿಲು ಬಡಿಯುವುದಿಲ್ಲ. ಒಂದು ಮನೆ ಬಿಡುವಾಗ ಮಾಲೀಕರ ಹೆಂಡತಿ ಕೋಣೆಕೋಣೆ ಸುತ್ತಿ ನೋಡಿ, "ಯಾರೂ ಇರಲೇ ಇಲ್ಲ ಅನ್ನೂಹಂಗ ಇಟ್ಟೀರಿ ನೋಡ್ರಿ!" ಎಂದು ಮೆಚ್ಚಿಕೊಂಡರು. ನಾನೂ ಖುಷಿಯಿಂದಲೇ ಆಟೋ ಹತ್ತಿದೆ. ಬಸ್ ನಿಲ್ದಾಣ ದಾಟುವ ಹೊತ್ತಿಗೆ ಆ ಮಾತು ಎಲ್ಲೋ ಚುಚ್ಚತೊಡಗಿತು. ಅಷ್ಟು ವರ್ಷ ಉಂಡು, ಮಲಗಿ, ಜ್ವರ ಬಂದು, ವಾಸಿಯಾಗಿ, ಯಾರೂ ಇರಲೇ ಇಲ್ಲ.

ಸ್ವಂತ ಮನೆ ಬೇಕು ಎಂಬ ಯೋಚನೆ ಬಂದದ್ದು ಅಲ್ಲಿಂದ. ಬ್ಯಾಡಗಿಯ ಹಳೆ ಊರಿನ ಓಣಿಯಲ್ಲಿ ನನ್ನ ಕೈಗೆಟುಕುವಂಥದ್ದೊಂದು ಸಿಕ್ಕಿತು. ಪಡಸಾಲೆ, ಒಳಕೋಣೆ, ಅಡುಗೆಮನೆ, ಹಿತ್ತಲಿನಲ್ಲಿ ಒಂದು ಕರಿಬೇವಿನ ಗಿಡ. ಮಾರುವವರು ಮೆಣಸಿನಕಾಯಿ ವ್ಯಾಪಾರಸ್ಥರು. ಮನೆಯಲ್ಲಿ ಅವರು ವಾಸವಿರಲಿಲ್ಲ. ಹೆಂಗಸರನ್ನು ಕೂರಿಸಿ ಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಕೆಲಸಕ್ಕೆ ಇಟ್ಟುಕೊಂಡಿದ್ದರು. ಈಗ ಆ ಕೆಲಸ ಪೇಟೆಯ ಹತ್ತಿರದ ಶೆಡ್ಡಿಗೆ ಹೋಗಿದೆ. ಗೋಡೆಗೆ ಹೊಸದಾಗಿ ತಿಳಿಹಳದಿ ಬಣ್ಣ ಬಳಿಸಿದ್ದರು. ಬೆಳಕಿಂಡಿಯಿಂದ ಪಡಸಾಲೆಯ ನಡುವೆ ಒಂದು ಚೌಕ ಬಿಸಿಲು ಬಿದ್ದಿತ್ತು. ಮೊಸರು ಕೊಳ್ಳಲೂ ಎರಡು ಅಂಗಡಿ ಸುತ್ತುವ ನಾನು ಅಂದೇ ಸಂಚಕಾರದ ಮುಂಗಡ ಕೊಟ್ಟುಬಿಟ್ಟೆ. ಅವರು ಆಗಲೇ ಕೀಲಿಕೈಯನ್ನು ನನ್ನ ಕೈಗೆ ಹಾಕಿದರು. "ಖರೀದಿ ಆಗೂತನಾ ನಿಮ್ಮ ಕಡೆನ ಇರಲ್ರಿ ಮೇಡಮ್ಮಾರ. ಬರ್ರಿ, ಹೋಗ್ರಿ, ಕುಂದ್ರಿ. ಮನಿಗೂ ನಿಮ್ಮ ಗುರ್ತು ಹತ್ತಲಿ."

ಎರಡನೆಯ ಸಲ ಹೋದಾಗ ಗೋಡೆಯಲ್ಲಿ ಅವರಿದ್ದರು.

ಪಡಸಾಲೆಯ ಉದ್ದದ ಗೋಡೆಯ ಮೇಲೆ, ನೆಲದಿಂದ ಕುಳಿತವರ ತಲೆಯ ಎತ್ತರದವರೆಗೆ, ಹಳದಿ ಬಣ್ಣದ ಒಳಗಿನಿಂದ ಕೆಂಚು ನೆರಳುಗಳು ಸಾಲಾಗಿ ಮೇಲೆದ್ದಿದ್ದವು. ಕೆಳಗೆ ಅಗಲ, ಮೇಲೆ ಒಂದೊಂದು ದುಂಡು ಕಲೆ, ಅದು ಹೆಚ್ಚು ಗಾಢ. ಒಬ್ಬಳು ತೀರ ನೆಟ್ಟಗೆ ಕುಳಿತಿದ್ದಳು. ಒಬ್ಬಳು ಪಕ್ಕದವಳ ಕಡೆಗೆ ವಾಲಿದ್ದಳು, ಕಿವಿಯಲ್ಲಿ ಏನೋ ಹೇಳುವವಳಂತೆ. ಮೂಲೆಯ ಹತ್ತಿರದ ನೆರಳು ಚಿಕ್ಕದು. ತಾಯಿಯ ಜೊತೆ ಬಂದ ಯಾವುದೋ ಹುಡುಗಿಯದಿರಬೇಕು. ನಾನು ಬಾಗಿಲಲ್ಲೇ ನಿಂತೆ. ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯಲಿಲ್ಲ.

ವ್ಯಾಪಾರಸ್ಥರಿಗೆ ಫೋನ್ ಮಾಡಿದೆ.

"ಅದು ಜಿಡ್ಡು ರೀ," ಎಂದರು ಅವರು. "ವರ್ಷಾನುಗಟ್ಲೆ ಒಬ್ಬೊಬ್ರು ಒಂದೊಂದು ಜಾಗಾ ಹಿಡದು ಕುಂತಾರ. ಬೆನ್ನಿಗೆ ಕೆಂಪು ಧೂಳಿ, ತಲಿಗೆ ಎಣ್ಣಿ. ಏನು ಬಣ್ಣ ಹೊಡದ್ರೂ ಎದ್ದು ಬರತೈತಿ. ಒಂದು ಸೋಫಾ ಹಾಕಿಬಿಡ್ರಿ, ಮುಚ್ಚಿ ಹೊಕ್ಕೈತಿ."

ಸೋಫಾ ಹಾಕಿದರೆ ನನ್ನ ಅತಿಥಿಗಳ ಬೆನ್ನ ಹಿಂದೆ ಅವರು ಕುಳಿತಿರುತ್ತಾರೆ ಎಂದು ನಾನು ಹೇಳಲಿಲ್ಲ. ಕಾರಣವೇನೋ ನನಗೆ ಗೊತ್ತಿತ್ತು. ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಕರಗುತ್ತದೆ. ನೀರಿನಲ್ಲಿ ಕಲಸಿದ ಬಣ್ಣ ಅದನ್ನು ಹಿಡಿದಿಡಲಾರದು. ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಬಲ್ಲೆ. ಆದರೆ ಬೋರ್ಡು ಪಡಸಾಲೆಯಲ್ಲಿರಲಿಲ್ಲ. ಮುಂದಿನ ಸಲ ಕೀಲಿ ತೆಗೆದು ಒಳಗೆ ಕಾಲಿಟ್ಟಾಗ ನನಗೆ ಖಚಿತವಾಗಿ ಅನ್ನಿಸಿದ್ದು ಒಂದೇ: ಇಲ್ಲಿ ಮಾತು ನಡೆಯುತ್ತಿತ್ತು, ನನ್ನನ್ನು ಕಂಡು ನಿಂತಿದೆ. ಸ್ಟಾಫ್ ರೂಮಿನಲ್ಲಿ ನನಗೆ ಆ ಮೌನದ ಪರಿಚಯ ಚೆನ್ನಾಗಿಯೇ ಇದೆ.

ಆಗ ಮನಸ್ಸು ಹಿಂದೆ ಸರಿಯತೊಡಗಿತು. ಹೊರಗೆ ಹೇಳಿಕೊಂಡ ಕಾರಣಗಳು ಬೇರೆ. ರಾಣೆಬೆನ್ನೂರಿನಲ್ಲಿ ಅಣ್ಣನ ಜೊತೆ ಇರುವ ಅವ್ವ–ಅಪ್ಪನಿಗೆ, ಆ ಓಣಿಯಲ್ಲಿ ನಲ್ಲಿ ನೀರಿನ ತೊಂದರೆ ಎಂದೆ. ಬಸ್ಸಿನದು ತೊಂದರೆ ಎಂದೆ. ಹಾವೇರಿಯ ಹಾದಿಯಲ್ಲಿ ಮೋಟೆಬೆನ್ನೂರಿನಿಂದ ಮುಂದೆ ಸೀಟು ಸಿಗುವುದಿಲ್ಲ ಎಂದೂ ಸೇರಿಸಿದೆ. ಬೆಳಕಿಂಡಿಯಿಂದ ಮಳೆ ಸೋರಬಹುದು ಎಂದೆ. ಒಳಗಿನ ಕಾರಣವನ್ನು ನನಗೆ ನಾನೇ ಹೇಳಿಕೊಳ್ಳಲು ನಾಚಿಕೆ. ನಾನು ಡೈರಿಯನ್ನೂ ಇಟ್ಟವಳಲ್ಲ. ಒರಗಿದ ಪ್ರತಿಯೊಬ್ಬರ ಬೆನ್ನನ್ನೂ ನೆನಪಿಟ್ಟುಕೊಳ್ಳುವ ಮನೆಯಲ್ಲಿ ನಾನು ಬಾಳುವುದು ಹೇಗೆ? ಅದು ನನ್ನ ಬಗ್ಗೆ ಏನೇನು ಇಟ್ಟುಕೊಂಡೀತು, ಯಾರಿಗೆ ತೋರಿಸೀತು?

ಅವ್ವ ಈ ವಿಷಯವನ್ನು ಅಗಡಿಯಲ್ಲಿರುವ ಚಿಗವ್ವನಿಗೆ, ಅಂದರೆ ತನ್ನ ತಂಗಿಗೆ, ಒಪ್ಪಿಸಿದಳು. ಚಿಗವ್ವ ಹಾವೇರಿಗೆ ಬಂದು ನನ್ನ ಬಾಡಿಗೆ ಮನೆಯಲ್ಲಿ ಕಾಲು ಚಾಚಿ ಕುಳಿತಳು.

"ಗಂಡು ನೋಡಾಕ ಕರದ್ರ ಒಮ್ಮೆ ಬರಾಕ ಒಲ್ಲೆ ಅಂತಿದ್ದಿ. ಈ ಮನಿ ನೋಡಾಕ ಎಷ್ಟು ಸಲ ಹೋದಿ?"

"ಯಾವ ಗಂಡಿನ ಮನ್ಯಾವ್ರೂ ಮೊದಲ ಕೀಲಿಕೈ ಕೊಡಲಿಲ್ಲ ಚಿಗವ್ವಾ."

"ಬಾಯಿ ಒಂದು ಜೋರೈತಿ. ಖರೇ ಹೇಳು, ಮನಸ್ಸು ಯಾಕ ಹಿಂದ ಮುಂದ ಆಗಾಕತ್ತೈತಿ?"

ಹೇಳಿದೆ. ಗೋಡೆಯ ಬಗ್ಗೆ ನಾನು ಬಾಯಿ ಬಿಟ್ಟದ್ದು ಅವಳೊಬ್ಬಳ ಮುಂದೆ. ಅವಳು ನಗಲಿಲ್ಲ, ಅದಕ್ಕೇ ನನಗೆ ಭಯವಾಯಿತು. "ಮನಿಗೆ ನೆದರ ಐತೋ ಇಲ್ಲೋ ನೋಡೂಣು. ಆಮ್ಯಾಲ ಮಾತು," ಎಂದಳು.

ಹೊತ್ತು ಹೆಚ್ಚಿರಲಿಲ್ಲ. ಸೋಮವಾರ ಖರೀದಿ ಪತ್ರ ನೋಂದಣಿ. ವ್ಯಾಪಾರಸ್ಥರು ನನ್ನ ಧ್ವನಿಯಿಂದಲೇ ಏನೋ ಊಹಿಸಿದ್ದರು. "ಬ್ಯಾಡ ಅನ್ನೂದಿದ್ರ ರವಿವಾರ ಸಂಜೀಕ ಹೇಳಿಬಿಡ್ರಿ. ಗೋಡೌನ್ ಮಾಡಾವ್ರೊಬ್ರು ಕಾಯಾಕತ್ತಾರ. ಅವರೇನು ಗೋಡಿ ನೋಡೂದಿಲ್ಲ, ಕೆಡವಿ ಶಟರ್ ಹಾಕ್ತಾರ," ಎಂದಿದ್ದರು.

ಪರೀಕ್ಷೆ ಮಾಡುವುದೇ ಆದರೆ ಸರಿಯಾಗಿ ಆಗಲಿ ಎಂದು ನಾನು ಬ್ಯಾಡಗಿಯ ಕಾಯಿಯನ್ನು ಬಿಟ್ಟು, ಕಿರಾಣಿ ಅಂಗಡಿಯಿಂದ ಗುಂಟೂರಿನ ಕಾಯಿ ತಂದೆ. ಅದರಲ್ಲಿ ಒಂದನ್ನು ಹಿಂದಿನ ದಿನವೇ ಬಾಡಿಗೆ ಮನೆಯ ಗ್ಯಾಸಿನ ಮೇಲೆ ಸುಟ್ಟು ನೋಡಿದೆ. ನಾವಿಬ್ಬರೂ ಕೆಮ್ಮುತ್ತ ಹೊರಗೋಡಿದೆವು, ಮಹಡಿಯಿಂದ ಮಾಲೀಕರೂ ಕೆಮ್ಮುತ್ತ, "ಏನು ಸುಡಾಕತ್ತೀರಿ ಮೇಡಂ?" ಎಂದು ಕೂಗಿದರು. ಕಾಯಿಯಲ್ಲಿ ದೋಷವಿಲ್ಲ ಎಂದಾಯಿತು. ಖಾರವಿಲ್ಲದ ಕಾಯಿಯಿಂದ ಆಯಿ ನೆದರು ತೆಗೆದ ಮಿಕ್ಸರು ನೆನಪಾಗಿ ನನಗೆ ಹೆಮ್ಮೆಯೂ ಆಯಿತು.

ಭಾನುವಾರ ನಡುಹಗಲು ಬ್ಯಾಡಗಿಯ ಮನೆಗೆ ಹೋದೆವು. ಚಿಗವ್ವ ಮೊದಲು ಮನೆಯೆಲ್ಲ ಗುಡಿಸಿಸಿದಳು. ಮೂಲೆಮೂಲೆಯಿಂದ ಕುಂಕುಮದಂಥ ಧೂಳು ಬಂತು. ಒಳಕೋಣೆಯನ್ನೂ ಗುಡಿಸಿ, ಧೂಳು ಮತ್ತೆ ಹಾರದಿರಲೆಂದು ಅದರ ಬಾಗಿಲೆಳೆದು ಈಚೆಯಿಂದ ಚಿಲಕ ಹಾಕಿದೆ. ಚಿಗವ್ವ ಕಬ್ಬಿಣದ ಬುಟ್ಟಿಯಲ್ಲಿ ಸಗಣಿ ಕುಳ್ಳಿನ ಕೆಂಡ ಮಾಡಿ ಪಡಸಾಲೆಯ ನಡುವೆ ಇಟ್ಟಳು. ಮುಷ್ಟಿ ಕಟ್ಟಿ ನಿಂತಳು. ನಾಲ್ಕೂ ಮೂಲೆಗೆ ತೋರಿಸಿ ಎಸೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಗೋಡೆಯ ಹತ್ತಿರ ಹೋದಳು. ಮೊದಲ ನೆರಳಿನ ಮುಂದೆ ಬಗ್ಗಿ ಮುಷ್ಟಿಯನ್ನು ತಲೆಯಿಂದ ಕೆಳಗಿಳಿಸಿದಳು. ಆಮೇಲೆ ಎರಡನೆಯದರ ಮುಂದೆ. ಹಾಗೆಯೇ ಸಾಲಿನ ಕೊನೆಯವರೆಗೆ, ಕುಳಿತ ಮಕ್ಕಳಿಗೆ ಮಾಡುವಂತೆ.

"ಹಂಗ ಯಾಕ ಮಾಡಿದಿ?" ಎಂದೆ.

"ಯಾರಿಗಂತ ಗೊತ್ತಾಗಲಿಲ್ಲ. ಎಲ್ಲಾರಿಗೂ ಮಾಡಿದೆ."

ಕೆಂಡಕ್ಕೆ ಎಸೆದಳು. ಚಟಚಟ ಸದ್ದಾಯಿತು. ಹೊಗೆ ಎದ್ದು ಬಿಸಿಲಿನ ಚೌಕದಲ್ಲಿ ನೀಲಿಯಾಗಿ ಸುತ್ತಿತು. ನಾವಿಬ್ಬರೂ ಮೂಗು ಎತ್ತಿಕೊಂಡು ನಿಂತೆವು. ಘಾಟಿಲ್ಲ. ಮೆಣಸಿನಕಾಯಿ ಕಪ್ಪಾಗಿ, ಸುರುಟಿ, ಬೂದಿಯಾಯಿತು. ಮೂಗಿಗೆ ಬಂದದ್ದು ಕುಳ್ಳಿನ ವಾಸನೆ ಮಾತ್ರ. ಚಿಗವ್ವ ನನ್ನ ಕೈ ಹಿಡಿದುಕೊಂಡಳು.

ಆಗ ಒಳಕೋಣೆಯಲ್ಲಿ ಯಾರೋ ಕೆಮ್ಮಿದರು.

ಒಣ ಕೆಮ್ಮು. ಒಂದು, ಅದರ ಹಿಂದೆಯೇ ಇನ್ನೊಂದು. ಆಮೇಲೆ ಗಂಟಲು ಸರಿಮಾಡಿಕೊಂಡ ಸದ್ದು, ಮಾತು ಶುರು ಮಾಡುವವರ ಹಾಗೆ. ಮಾತು ಬರಲಿಲ್ಲ.

"ನೀ ಕೆಮ್ಮಿದೇನು?"

"ಇಲ್ಲ."

"ನಾ ಅಂತೂ ಕೆಮ್ಮಿಲ್ಲ."

ಚಿಲಕ ಹಾಕಿದಂತೆಯೇ ಇತ್ತು. ನಾನು ತೆಗೆದೆ. ಕೋಣೆ ಖಾಲಿ. ನೆಲದ ಮೇಲೆ ನನ್ನ ಕಸಬರಿಗೆಯ ಗೆರೆಗಳು ಹಾಗೆಯೇ ಇದ್ದವು, ಅವುಗಳ ಮೇಲೆ ಒಂದು ಹೆಜ್ಜೆಯೂ ಇಲ್ಲ. ಕಿಟಕಿ ಮುಚ್ಚಿತ್ತು. ಚಿಗವ್ವ ಹೊಸ್ತಿಲ ಈಚೆಗೇ ನಿಂತು ಒಳಗೆ ಇಣುಕಿದಳು.

"ಕೆಮ್ಮು ಬಂತಲ್ಲ," ಎಂದಳು. "ಅಂದ್ರ ಮನಿಗೆ ನೆದರ ಇಲ್ಲ."

"ಕೆಮ್ಮಿದವ್ರು ಯಾರು?"

"ಅದನ್ನ ಯಾರೂ ಕೇಳೂ ಪದ್ಧತಿ ಇಲ್ಲ."

ಹೀಗೆ ಹೇಳಿದವಳು ಚಪ್ಪಲಿ ಮೆಟ್ಟಿಕೊಳ್ಳದೆ ಬೀದಿಗೆ ಇಳಿದಿದ್ದಳು. ಎದುರು ಮನೆಯ ಕಟ್ಟೆಯ ಮೇಲೆ ಗಂಗವ್ವ ಎಂಬ ವಯಸ್ಸಾದ ಹೆಂಗಸು ಎಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದರು. ಹಿಂದಿನ ಭೇಟಿಗಳಲ್ಲಿ ನನ್ನನ್ನು ಕಂಡು ತಲೆಯಾಡಿಸುತ್ತಿದ್ದವರು. ಅವರೂ ಆ ಪಡಸಾಲೆಯಲ್ಲಿ ಕುಳಿತು ತುಂಬು ಬಿಡಿಸಿದವರೇ.

"ಒಳಗ ಯಾರೋ ಕೆಮ್ಮಿದ್ದು ಕೇಳಿಸ್ತೇನ್ರಿ ನಿಮಗ?" ಎಂದಳು ಚಿಗವ್ವ.

"ಕೇಳಿಸಲಾರದ ಏನ್ರಿ? ಅದು ಶಾಂತವ್ವಂದು. ಒಳಖೋಲಿ ಬಾಗಲಾಗ ಕುಂದ್ರತಿದ್ಲು ಆಕಿ."

ಚಿಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ತೀರಿಕೊಂಡು ಭಾಳ ದಿನಾ ಆತೇನ್ರಿ ಪಾಪ?"

"ಥೂ, ಬಿಡ್ತು ಅನ್ರಿ! ಗಟ್ಟಿಮುಟ್ಟ ಅದಾಳ. ಮೇಡ್ಲೇರ್ಯಾಗ ಮಗಳ ಮನ್ಯಾಗ ಇರತಾಳ. ಮೊನ್ನೆ ಫೋನ್ ಹಚ್ಚಿದ್ಲು, ಇಲ್ಲಿಂದ ಹೋದ ಮ್ಯಾಲ ಕೆಮ್ಮು ಪೂರಾ ನಿಂತೈತಂತ."

"ನಿಂತೈತಿ ಅಂದ್ರ... ಈಗ ಕೇಳಿಸಿದ್ದು?" ಎಂದೆ ನಾನು.

ಗಂಗವ್ವ ಎಲೆ ಮಡಚಿ ಬಾಯಿಗಿಟ್ಟುಕೊಂಡು, ದಡ್ಡ ಹುಡುಗಿಗೆ ಹೇಳುವ ಹಾಗೆ ಹೇಳಿದರು. "ಹೋದಾಕಿ ಆಕಿ ರೀ ಅಕ್ಕಾರ. ಕೆಮ್ಮು ಎಲ್ಲಿ ಹೋಗೈತಿ? ಹುಟ್ಟಿದಾಗಿಂದ ಇದ ಮನ್ಯಾಗ ಕೆಮ್ಮೇತಿ. ಅದಕ್ಕ ಮೇಡ್ಲೇರಿ ಹಾದಿ ಹೆಂಗ ಗೊತ್ತಾಗಬೇಕು?"

ಬಸ್ಸಿಗೆ ಕಾಯುವಾಗ ನಾನು ಚಿಗವ್ವನಿಗೆ ವಿವರಿಸಲು ನೋಡಿದೆ. ಅಷ್ಟು ಹೊತ್ತು ಆ ಧೂಳಿನಲ್ಲಿ ಗುಡಿಸಿದ್ದರಿಂದ ನಮ್ಮ ಮೂಗಿಗೆ ಖಾರ ರೂಢಿಯಾಗಿ, ಹೊಗೆಯ ಘಾಟು ತಿಳಿಯಲಿಲ್ಲ. ಆ ಮನೆಯಲ್ಲಿ ಯಾರು ಸುಟ್ಟರೂ ಹಾಗೇ ಆಗುತ್ತದೆ ಎಂದೆ. ಅವಳು ತಾಳ್ಮೆಯಿಂದ ಕೇಳಿದಳು. "ಅದಿರಲಿ. ಸತ್ತವ್ರಾಗಿದ್ರ ಏನರೆ ಪೂಜಿ ಮಾಡಸಬಹುದಿತ್ತು," ಎಂದಳು. "ಜೀವಂತ ಇದ್ದವ್ರಿಗೆ ಏನು ಮಾಡಸ್ತಿ? ಬ್ಯಾಡ ಅಂತ ಹೇಳಿಬಿಡವ್ವಾ." ಬಸ್ಸು ಬಂತು. ಕದರಮಂಡಲಗಿಯ ಹಣಮಪ್ಪ ದೇವರಿಗೆ ಒಂದು ತೆಂಗಿನಕಾಯಿ ಒಡೆಸುತ್ತೇನೆ ಎಂದು ಕಿಟಕಿಯಿಂದ ಕೂಗಿ ಹೇಳಿ ಹೋದಳು.

ಕೀಲಿಕೈ ನನ್ನ ಬಳಿಯೇ ಇತ್ತು. ಅದನ್ನು ವ್ಯಾಪಾರಸ್ಥರಿಗೆ ಮರಳಿಸುವುದೊಂದೇ ಉಳಿದ ಕೆಲಸ. ಆದರೆ ಕೆಂಡದ ಬುಟ್ಟಿಯನ್ನು ಒಳಗೇ ಬಿಟ್ಟು ಬಂದಿದ್ದೆವು. ಇನ್ನೊಬ್ಬರ ಮನೆಯಲ್ಲಿ ಬೆಂಕಿ ಬಿಟ್ಟು ಹೋಗುವುದು ನನ್ನಿಂದಾಗದು. ಮರಳಿ ಹೋದೆ. ಬುಟ್ಟಿಗೆ ನೀರು ಸುರಿದೆ. ಪಕ್ಕದಲ್ಲಿ ಸುಡದೆ ಉಳಿದ ಒಂದು ಮೆಣಸಿನಕಾಯಿ ಬಿದ್ದಿತ್ತು, ಎತ್ತಿ ಚೀಲಕ್ಕೆ ಹಾಕಿಕೊಂಡೆ. ಬಿಸಿಲಿನ ಚೌಕ ಈಗ ಗೋಡೆಯ ಮೇಲಿತ್ತು, ಒಬ್ಬಳ ಮಡಿಲಿನಲ್ಲಿ.

ಅವರ ಸಾಲಿನಲ್ಲಿ, ಕಿಟಕಿಗೆ ಸಮೀಪ, ಒಂದು ಜಾಗ ಖಾಲಿ ಇರುವುದು ಆಗ ಕಣ್ಣಿಗೆ ಬಿತ್ತು. ಎರಡೂ ಬದಿಯ ನೆರಳುಗಳು ತುಸು ಸರಿದು ಕುಳಿತಂತಿದ್ದವು. ಅದು ಮೊದಲಿನಿಂದಲೂ ಹಾಗೆಯೇ ಇತ್ತೇ ಎಂದು ಇಂದಿಗೂ ನಾನು ಪ್ರಮಾಣ ಮಾಡಿ ಹೇಳಲಾರೆ. ನಾನು ಕುಳಿತೆ. ಬೆನ್ನು ಒರಗಿಸಿದೆ. ತಣ್ಣಗಿರುತ್ತದೆ ಎಂದುಕೊಂಡಿದ್ದೆ; ಬೆಚ್ಚಗಿತ್ತು, ಯಾರೋ ಆಗಷ್ಟೇ ಎದ್ದುಹೋದ ಬಸ್ಸಿನ ಸೀಟಿನ ಹಾಗೆ. ಸಂಜೆಯ ಬಿಸಿಲು ಬೀಳುವ ಗೋಡೆ, ಸರಿ. ನನಗೆ ಭಯವಾಗುತ್ತಿತ್ತು, ಮುಚ್ಚಿಡುವುದಿಲ್ಲ. ಒಳಕೋಣೆಯ ಕಡೆಗೆ ತಿರುಗಿ ನೋಡಲಿಲ್ಲ. ಆದರೂ ಏಳಲು ಮನಸ್ಸಾಗಲಿಲ್ಲ. ನಾಳೆ ನಾನು ಬಾರದಿದ್ದರೆ ಇವರಿರುವ ಗೋಡೆ ಒಂದು ಲಾರಿ ಇಟ್ಟಿಗೆಯ ಚೂರು. ನಾನು ಮತ್ತೆ ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ಕಟ್ಟುತ್ತೇನೆ. ಮತ್ತೆ ಯಾರೋ ಕೋಣೆಕೋಣೆ ಸುತ್ತಿ ಮೆಚ್ಚಿಕೊಳ್ಳುತ್ತಾರೆ. ಯಾರೂ ಇರಲೇ ಇಲ್ಲ.

ಅಲ್ಲಿಂದಲೇ ಫೋನ್ ಮಾಡಿದೆ. "ನಾಳೆ ಬರತೇನ್ರಿ," ಎಂದೆ.

"ಛಲೋ ಆತು. ಗೋಡಿಗೆ ಇನ್ನೊಂದು ಕೈ ಬಣ್ಣ ಹೊಡಸ್ಲೇನ್ರಿ?"

"ಬ್ಯಾಡ್ರಿ. ಇರಲಿ."

ನೋಂದಣಿಯಾದ ಮೇಲೆ ಎಲ್ಲ ಸರಿಹೋಯಿತು ಎಂದು ಹೇಳಿದರೆ ನೀವು ನಂಬಬೇಡಿ. ಸಹಿಯ ಶಾಯಿ ಆರುವ ಮೊದಲೇ ತಪ್ಪು ಮಾಡಿದೆ ಎನ್ನಿಸಿತು. ಹಾಲು ಉಕ್ಕಿಸಿದ ದಿನವೂ ಅನ್ನಿಸಿತು. ಅಂದು ಚಿಗವ್ವ ಬಂದಳು, ಆದರೆ ಗೋಡೆಗೆ ಬೆನ್ನು ತಾಗದಂತೆ ಪಡಸಾಲೆಯ ನಡುವೆ ಕುಳಿತು ಉಂಡಳು. ಮಳೆಗಾಲದಲ್ಲಿ ಬೆಳಕಿಂಡಿ ಖರೇಯೇ ಸೋರಿತು. ಕ್ಯಾಲೆಂಡರಿಗೆ ಒಂದು ಮೊಳೆ ಹೊಡೆದೆ, ನನ್ನ ಜೀವನದ ಮೊದಲ ಮೊಳೆ. ಸುತ್ತಿಗೆಯ ಸದ್ದಿಗೆ ನಾನೇ ಬೆಚ್ಚಿಬಿದ್ದೆ. ಶಾಂತವ್ವನ ಕೆಮ್ಮು ಆಗಾಗ ಬರುತ್ತದೆ, ಹೆಚ್ಚಾಗಿ ಬಿಸಿಲೇರಿದ ಮೇಲೆ. ನಾನು ಓದುತ್ತಿರುವ ಪುಟದಿಂದ ತಲೆ ಎತ್ತುತ್ತೇನೆ, ಅದು ನಿಲ್ಲುವವರೆಗೆ ಕಾಯುತ್ತೇನೆ, ಮತ್ತೆ ಓದುತ್ತೇನೆ. ಕಿಟಕಿಯ ಹತ್ತಿರದ ಆ ಜಾಗವೇ ನನ್ನದು. ಅಲ್ಲಿಯೇ ಕುಳಿತು ಉತ್ತರಪತ್ರಿಕೆ ತಿದ್ದುವುದು. ಹಳದಿ ಬಣ್ಣದ ಮೇಲೆ ತಲೆ ತಾಗುವಲ್ಲಿ ತುಸು ಮಾಸಲಾಗಿದೆ. ಒರೆಸಿಲ್ಲ.

ಕಳೆದ ವಾರ ಕಾಲೇಜಿನಿಂದ ಬಂದು ಬಾಗಿಲ ಮುಂದೆ ಕೀಲಿಕೈಗಾಗಿ ಚೀಲದೊಳಗೆ ತಡಕಾಡುತ್ತಿದ್ದೆ. ಕೈಗೆ ಮೊದಲು ಸಿಕ್ಕದ್ದು ಮೆಣಸಿನಕಾಯಿಯೇ. ಕಟ್ಟೆಯ ಮೇಲಿಂದ ಗಂಗವ್ವ ಮಾತನಾಡಿಸಿದರು.

"ಅಕ್ಕಾರ, ಇವತ್ತ ಮಧ್ಯಾಹ್ನ ಮನ್ಯಾಗ ಇದ್ರೇನ್ರಿ?"

"ಯಾಕ್ರಿ?"

"ಏನಿಲ್ಲ. ಹಾಳಿ ತಿರುವೂ ಸಪ್ಪಳ ಕೇಳಿಸ್ತು. ನಡುನಡುವ ಪೆನ್ನು ಟಕ್ ಟಕ್ ಅನಸ್ತೀರಲ್ಲ, ಅದೂ ಕೇಳಿಸ್ತು. ಸೂಟಿ ಇರಬೇಕು ಅಂದ್ಕೊಂಡೆ."

ಮಧ್ಯಾಹ್ನ ನಾನು ಹಾವೇರಿಯ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳ ಬ್ಯುರೆಟ್ಟಿನ ಗೆರೆ ನೋಡುತ್ತ ನಿಂತಿದ್ದೆ. ಕೀಲಿಗೆ ಕೈ ಹಾಕಿದವಳು ಹಾಗೆಯೇ ನಿಂತೆ. ಒಳಗೆ ಸದ್ದಿಲ್ಲ. ಅಥವಾ ಇದ್ದದ್ದು ನಿಂತಿತ್ತು. ಸುಳ್ಳು ಹೇಳುವ ರೂಢಿ ನನಗಿಲ್ಲ; ಗಂಗವ್ವನಂಥ ಹಿರಿಯರ ಮುಂದಂತೂ ಇಲ್ಲ.

"ಹೌದ್ರಿ," ಎಂದೆ. "ಇದ್ದೆ."